ಗುಪ್ಪೆ ಹೊತ್ತವನು

ನಮ್ಮೂರಿನ ಸೇತುವೆ ದಾಟುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು, ಪಂಚೆಯನ್ನು ತೊಡೆಯ ತನಕ ಎತ್ತಿ ಕಟ್ಟಬೇಕು. ಹೊಳೆ ತುಂಬಿದ್ದಾಗ ಪಂಚೆಯನ್ನು ಬಿಚ್ಚಿ ತಲೆಗೇ ಸುತ್ತಿಕೊಳ್ಳುವುದು ಮೇಲು. ಸೇತುವೆಯಾಗಿ ನಲವತ್ತು ವರ್ಷವಾಯಿತು. ಯಾರೋ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದು, ದಂಡೆಯಲ್ಲಿ ನಿಂತು ಒಂದು ಎಳನೀರು ಕುಡಿದು, ಬುರುಡೆಯನ್ನು ನೀರಿಗೆಸೆದು, ಇಲ್ಲಿಗೆ ಸೇತುವೆ ಆಯಿತು ಎಂದು ಹೇಳಿ ಜೀಪು ಹತ್ತಿದರು. ಸುತ್ತ ನಿಂತವರೆಲ್ಲ ‘ಸರಿ’ ಎಂದರು. ‘ಮಗುಚು’ ಎಂದು ಒಬ್ಬರೂ ಅನ್ನಲಿಲ್ಲ. ಅಲ್ಲಿಗೆ ಸೇತುವೆ ಸೇತುವೆಯೇ ಆಯಿತು. ಈಗಲೂ ಸೊಂಟದ ತನಕ ನೀರಿನಲ್ಲಿ ನಡೆದು ಬರುವ ಹೆಂಗಸರು, ಎಡಗಡೆಯ ಕಂಬಿ ಅಲುಗಾಡುತ್ತದೆ, ಯಾರಾದರೂ ನೋಡಬಾರದೇ ಎಂದು ಗೊಣಗುತ್ತಾರೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ಎಂದು ನೀವು ನಗಬಹುದು. ನಗಿ. ಮುಚ್ಚೆಲೆ ಆಡದವರ ನಗುವಿಗೆ ನಮ್ಮಲ್ಲಿ ಬೆಲೆಯಿಲ್ಲ. ಆಟ ಬಹಳ ಸುಲಭ. ಒಂದು ಕಟ್ಟು ಇಸ್ಪೀಟನ್ನು ಕೂತವರಿಗೆಲ್ಲ ಪೂರ್ತಿ ಹಂಚಬೇಕು. ಮೊದಲಿನವನು ಒಂದೋ ಎರಡೋ ಎಲೆಯನ್ನು ಚಾಪೆಯ ನಡುವೆ ಬೋರಲು ಹಾಕಿ ‘ಎರಡು ರಾಜ’ ಎನ್ನಬೇಕು. ಹಾಕಿದ್ದು ರಾಜನೇ ಆಗಿರಬೇಕೆಂದಿಲ್ಲ. ಆಟೀನಿನ ನಾಲ್ಕೂ ಕಳಾವರಿನ ಒಂಬತ್ತೂ ಇರಬಹುದು. ಉಳಿದವರು ಅವನ ಮುಖ ನೋಡಿ ‘ಸರಿ’ ಎಂದರೆ ಅದು ಎರಡು ರಾಜನೇ, ಆಮೇಲೆ ಯಾರೂ ಕೆದಕುವಂತಿಲ್ಲ. ನಂಬಿಕೆ ಬಾರದವನು ‘ಮಗುಚು’ ಎನ್ನಬಹುದು. ಮಗುಚಿದಾಗ ಸುಳ್ಳು ಹೊರಬಿದ್ದರೆ ಎಲೆ ಹಾಕಿದವನು ನಡುವಿನ ಗುಪ್ಪೆಯನ್ನೆಲ್ಲ ಹೊರಬೇಕು. ನಿಜವೇ ಆಗಿದ್ದರೆ ಅನುಮಾನ ಪಟ್ಟವನು ಹೊರಬೇಕು. ಕೈ ಬರಿದಾದವನು ಗೆದ್ದ. ಗೆದ್ದವನು ಚಾಪೆಯಿಂದ ಎದ್ದು ಹೋಗಬೇಕು. ಅಲ್ಲೇ ಕೂತು ಉಳಿದವರ ಆಟಕ್ಕೆ ಬಾಯಿ ಹಾಕುವಂತಿಲ್ಲ.

ಊರ ನಡುವೆ ಚಾಪೆಮನೆ ಇದೆ. ಅದರ ಗೋಡೆಯಲ್ಲಿ ಮನೆಗೊಂದು ಗೂಡು, ಗೂಡಿಗೊಂದು ಗುಪ್ಪೆ. ಊರಿಗೆ ಹೇಳಬೇಕಾದ ಮಾತು ಯಾರಿಗಾದರೂ ಇದ್ದರೆ ಸಂಜೆ ಬಂದು, ಒಂದು ಎಲೆಯನ್ನು ಬೋರಲು ಹಾಕಿ ಹೇಳುತ್ತಾರೆ. ಮೂರು ಸಂಜೆ ಕಾಯುತ್ತೇವೆ. ಮೂರನೆಯ ಸಂಜೆ ಚಾಪೆ ಸುತ್ತುವಷ್ಟರಲ್ಲಿ ಯಾರೂ ‘ಮಗುಚು’ ಅನ್ನದಿದ್ದರೆ ಮಾತು ಕೂತಿತು, ಎಲೆ ಆ ಮನೆಯ ಗುಪ್ಪೆಗೆ ಸೇರಿತು. ಬ್ಯಾಂಡ್‌ಸೆಟ್ಟಿನ ಮುದ್ದಣ್ಣನಿಗೆ ಕ್ಲಾರಿಯೊನೆಟ್ ಬರುತ್ತದೆ ಎಂಬುದು ಹೀಗೆ ಕೂತ ಮಾತು. ಮದುವೆಮನೆಯಲ್ಲಿ ಅವನು ಅದನ್ನು ಬಾಯಿಗಿಟ್ಟುಕೊಂಡು ಸುಮ್ಮನಿರುತ್ತಾನೆ, ನಾವು ತಲೆದೂಗುತ್ತೇವೆ. ಚಾಪೆಮನೆಯ ಹಿರಿಯಳಾದ ಹೊನ್ನಜ್ಜಿ, ತನಗೆ ಎಂಬತ್ತೊಂಬತ್ತು, ಇನ್ನು ತೊಂಬತ್ತು ಆಗುವುದಿಲ್ಲ ಎಂದು ಎಲೆ ಹಾಕಿ ಹನ್ನೊಂದು ವರ್ಷವಾಯಿತು. ಅವಳಿಗಿನ್ನೂ ಎಂಬತ್ತೊಂಬತ್ತೇ.

ಅನುಮಾನ ಪಡುವವರೇ ಇಲ್ಲವೇ ಎಂದರೆ, ಇದ್ದರು. ಗಿಡ್ಡ ಓಬಳಯ್ಯ ಇದ್ದ. ಕುಂಬಾರ ಚಿಕ್ಕೀರಣ್ಣ, ನಮ್ಮತ್ತೆಗೆ ಕಿವಿ ಕೇಳಿಸುವುದಿಲ್ಲ ಎಂದು ಎಲೆ ಹಾಕಿದಾಗ ಓಬಳಯ್ಯನಿಗೆ ಅದೇನು ಬುದ್ಧಿ ಬಂತೋ, ‘ಮಗುಚು’ ಎಂದುಬಿಟ್ಟ. ಮುದುಕಿಯ ಹಿಂದೆ ನಿಂತು ತಟ್ಟೆ ಬಡಿದರು, ಗಂಟೆ ಬಾರಿಸಿದರು, ಅವಳು ಎಲೆಯಡಿಕೆ ಜಗಿಯುತ್ತಲೇ ಇದ್ದಳು. ಚಿಕ್ಕೀರಣ್ಣನ ಗುಪ್ಪೆ ಪೂರ್ತಿ ಓಬಳಯ್ಯನ ಪಾಲಾಯಿತು. ಕೈಗೆ ಬಂದ ಎಲೆ ಕೈಯವನದು, ಆ ಎಲೆಯ ಜಾಗವೂ ಅವನದು. ಹೀಗಾಗಿ ಆ ಅತ್ತೆ, ಎರಡು ಆಡು, ಪ್ರತಿ ವರ್ಷ ಬೆಟ್ಟಕ್ಕೆ ಬರಿಗಾಲಲ್ಲಿ ಬರುತ್ತೇನೆಂಬ ಹರಕೆ, ಎಲ್ಲವೂ ಓಬಳಯ್ಯನ ಮನೆಯಲ್ಲಿವೆ. ಅದನ್ನು ನೋಡಿದ ಮೇಲೆ ಊರಿನಲ್ಲಿ ‘ಮಗುಚು’ ಎಂಬ ಮಾತನ್ನು ದೋಸೆ ಹುಯ್ಯುವವರು ಬಿಟ್ಟರೆ ಬೇರೆ ಯಾರೂ ಆಡಿದ್ದಿಲ್ಲ.

ನಾನು ಚಾಪೆಮನೆಯ ಎಲೆ ಮೇಷ್ಟ್ರು. ಸಾಂಬಶಿವಯ್ಯ ಎಂಬ ಹೆಸರು ನನಗಿರುವುದು ನನಗೂ ನಮ್ಮಮ್ಮನಿಗೂ ಮಾತ್ರ ಗೊತ್ತಿತ್ತು. ಈಗ ಅಮ್ಮನೂ ಇಲ್ಲ. ಸವೆದ ಎಲೆಗಳ ಬದಲು ಹೊಸ ಎಲೆ ಬರೆಯುವುದು, ಆಟದ ನಿಯಮಗಳನ್ನು ಪುಸ್ತಕದಲ್ಲಿ ಇಡುವುದು ನನ್ನ ಕೆಲಸ. ಒಂದೊಂದು ಬೀದಿಗೆ ಒಂದೊಂದು ಪದ್ಧತಿ. ಮೇಲಿನ ಬೀದಿಯವರು ಏಳರ ಮೇಲೆ ಎಂಟು, ಎಂಟರ ಮೇಲೆ ಒಂಬತ್ತು ಎಂದು ಏರುತ್ತಾ ಹೋಗಬೇಕು. ಕೆಳಗಿನ ಬೀದಿಯವರು ಏಳೆಂದರೆ ಸುತ್ತು ಮುಗಿಯುವ ತನಕ ಏಳೇ ಎನ್ನಬೇಕು. ಮಗ್ಗದವರ ಬೀದಿಯಲ್ಲಿ ಗುಲಾಮನನ್ನು ಏನೆಂದರೂ ಸುಳ್ಳಲ್ಲ. ಬೀಗರಾಟ ಎಂದು ಒಂದಿದೆ. ಅದರಲ್ಲಿ ಬೀಗರ ಎಲೆಯನ್ನು ಮಗುಚು ಎನ್ನುವಂತಿಲ್ಲ, ಕೆಮ್ಮಬಹುದು. ಮೂರು ಸಲ ಕೆಮ್ಮಿದರೆ ಬೀಗರು ತಾವಾಗಿಯೇ ಅರ್ಥ ಮಾಡಿಕೊಂಡು ಎಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ತೆಗೆದುಕೊಂಡ ಬೀಗರನ್ನು ನಾನು ನೋಡಿಲ್ಲ. ಕ್ಷಯ ಬಂದಂತೆ ಕೆಮ್ಮುವವರನ್ನು ನೋಡಿದ್ದೇನೆ. ನೂರಾ ನಾಲ್ಕು ಪುಟದ ನಿಯಮ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಓದಿಕೊಂಡವನು ಇಷ್ಟು ದಡ್ಡನಾಗಿರಲು ಹೇಗೆ ಸಾಧ್ಯ ಎಂಬುದೇ ಈ ಕಥೆ.

ಚಾಪೆಮನೆಯ ಎದುರು ತುಂಗಮ್ಮನ ಹಿಟ್ಟಿನ ಗಿರಣಿ. ಗಿರಣಿ ಅವಳ ಅಪ್ಪನದು. ಅಪ್ಪ ಸಾಯುವಾಗ, ಮಗಳಿಗೆ ಮದುವೆಯಾಗಿದ್ದರೆ ಗಿರಣಿ ಅವಳಿಗೆ, ಇಲ್ಲದಿದ್ದರೆ ಮಗ ಕಾಳಪ್ಪನಿಗೆ ಎಂದು ಹೇಳಿದ್ದರು. ಕಾಳಪ್ಪ ಅಪ್ಪನ ತಿಥಿ ಮುಗಿಯುವ ಮೊದಲೇ ಗಿರಣಿಯ ಬೀಗದ ಕೈ ಕೇಳಿದ. ಜೊತೆಗೆ ಉಬ್ಬಸದಿಂದ ನರಳುವ ತನ್ನ ಭಾಮೈದನಿಗೆ ತಂಗಿಯನ್ನು ಕೊಡುವ ಮಾತೂ ಆಡಿದ. ತುಂಗಮ್ಮನಿಗೆ ಆಗ ಇಪ್ಪತ್ತೇಳು. ಅಂದು ಸಂಜೆ ಚಾಪೆಮನೆಗೆ ಬಂದಳು. ಒಂದು ಎಲೆಯನ್ನು ಬೋರಲು ಹಾಕುವ ಮೊದಲು, ಅಂಟಿದ ಹಿಟ್ಟು ಹೋಗಲೆಂಬಂತೆ ಅದನ್ನು ಉಫ್ ಎಂದು ಊದಿದಳು. ತನಗೆ ಆಗಲೇ ಮದುವೆಯಾಗಿದೆ, ಗಂಡನ ಹೆಸರು ರುದ್ರಮೂರ್ತಿ, ಮಿಲಿಟರಿಯಲ್ಲಿ ಹವಾಲ್ದಾರ, ಗಡಿಯಲ್ಲಿದ್ದಾರೆ ಎಂದಳು. ಕಾಳಪ್ಪ ಬಾಯಿ ತೆರೆದ, ಮುಚ್ಚಿದ. ನಿಜವಾಗಿದ್ದರೆ ಗುಪ್ಪೆ ಅವನ ಪಾಲಾಗಿ, ಹವಾಲ್ದಾರನ ಜಾಗದಲ್ಲಿ ಅವನೇ ಹೋಗಿ ಹಿಮದಲ್ಲಿ ನಿಲ್ಲಬೇಕಾಗುತ್ತಿತ್ತು. ಮೂರನೆಯ ಸಂಜೆ ಅವನೂ ‘ಸರಿ’ ಎಂದ.

ಗಂಡನೊಬ್ಬ ಇದ್ದ ಮೇಲೆ ಜನ ಕೇಳುತ್ತಾರೆ. ಹೇಗಿದ್ದಾರೆ, ಏನು ತಿನ್ನುತ್ತಾರೆ, ಯಾಕೆ ಬರುವುದಿಲ್ಲ? ತುಂಗಮ್ಮ ವರ್ಷಕ್ಕೊಂದೆರಡು ಎಲೆ ಹಾಕುತ್ತಾ ಬಂದಳು. ಹವಾಲ್ದಾರರು ಆರಡಿ ಎತ್ತರ. ಬದನೆಕಾಯಿ ಮುಟ್ಟುವುದಿಲ್ಲ. ಎಡಗಾಲಿಗೆ ಗುಂಡು ತಾಗಿ, ಥಂಡಿಯಾದರೆ ಕುಂಟುತ್ತಾರೆ. ಶತ್ರುವಿಗೆ ಹೆದರದವರು ಹಲ್ಲಿ ಕಂಡರೆ ಮಂಚ ಹತ್ತುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಹಾಡುತ್ತಾರೆ. ಪ್ರತಿಯೊಂದು ಎಲೆಯನ್ನೂ ಊದಿ ಹಾಕಿದಳು. ಊರು ಪ್ರತಿಯೊಂದಕ್ಕೂ ಸರಿ ಎಂದಿತು. ಕೆಲವು ಹೆಂಗಸರಿಗೆ ಅವರವರ ಗಂಡಂದಿರಿಗಿಂತ ಈ ಹವಾಲ್ದಾರನ ಪರಿಚಯವೇ ಚೆನ್ನಾಗಿತ್ತು.

ದಿನವೂ ಮಧ್ಯಾಹ್ನ ಊಟವಾದ ಮೇಲೆ ಗಿರಣಿಯ ಬೆಲ್ಟು ನಿಲ್ಲಿಸಿ, ಜಗುಲಿಯ ಮೇಲೆ ಅವಳೂ ನಾನೂ ಎರಡು ಕೈ ಮುಚ್ಚೆಲೆ ಆಡುತ್ತಿದ್ದೆವು. ಇಪ್ಪತ್ತೊಂದು ವರ್ಷ ಆಡಿದೆವು. ಅವಳು ಸುಳ್ಳು ಎಲೆ ಹಾಕುವಾಗ ಊದುತ್ತಾಳೆ, ನಿಜದ ಎಲೆಯನ್ನು ಊದುವುದಿಲ್ಲ ಎಂಬುದು ಮೊದಲ ತಿಂಗಳಲ್ಲೇ ನನಗೆ ತಿಳಿಯಿತು. ಹಾಗಾಗಿ ಹವಾಲ್ದಾರ ಎಂಬುವನೇ ಇಲ್ಲ ಎಂಬುದೂ ತಿಳಿಯಿತು. ತಿಳಿದೂ ನಾನು ಜಗುಲಿಯಲ್ಲಾಗಲಿ ಚಾಪೆಮನೆಯಲ್ಲಾಗಲಿ ಒಂದು ದಿನವೂ ‘ಮಗುಚು’ ಅನ್ನಲಿಲ್ಲ. ಅಂದರೆ ಅವಳು ಸೋಲುತ್ತಾಳೆ, ಗಿರಣಿ ಹೋಗುತ್ತದೆ, ಜಗುಲಿ ಹೋಗುತ್ತದೆ, ನನ್ನ ಮಧ್ಯಾಹ್ನ ಹೋಗುತ್ತದೆ. ಅವಳು ಊದುತ್ತಿದ್ದಳು, ನಾನು ಸರಿ ಎನ್ನುತ್ತಿದ್ದೆ. ಅವಳನ್ನು ಕಂಡರೆ ನನಗೆ ಪ್ರೀತಿಯಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ. ಇಲ್ಲದ ಒಬ್ಬ ಗಂಡನಿಗೆ ಹೆದರಿ ಮದುವೆಯಿಲ್ಲದೆ ಐವತ್ತೆರಡು ದಾಟಿದವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಹೊಳೆ ತುಂಬಿದ್ದ ಒಂದು ದಿನ ಆ ಮನುಷ್ಯ ಬಂದ. ತಲೆಯ ಮೇಲೆ ಟ್ರಂಕು, ಮೈಯೆಲ್ಲ ನೀರು, ಐದಡಿಗಿಂತ ಒಂದು ಬೆರಳು ಹೆಚ್ಚಿದ್ದರೆ ಹೆಚ್ಚು. ಸೇತುವೆ ಎಲ್ಲಿ ಎಂದು ಮೊದಲು ಕೇಳಿದನಂತೆ. ಈಗ ನೀವು ದಾಟಿ ಬಂದದ್ದೇ ಸೇತುವೆ ಎಂದರು. ಅವನು ಹಿಂದೆ ತಿರುಗಿ ಹೊಳೆಯನ್ನು ಒಂದು ಕ್ಷಣ ನೋಡಿ, ಮುಖ ಒರೆಸಿಕೊಳ್ಳುತ್ತಾ, ಕಟ್ಟಡ ಗಟ್ಟಿಯಾಗಿದೆ, ಎಡಗಡೆಯ ಕಂಬಿಯೊಂದು ಸಡಿಲ ಎಂದನಂತೆ. ಈ ಮಾತು ಚಾಪೆಮನೆಗೆ ಮುಟ್ಟಿದಾಗ ಹೊನ್ನಜ್ಜಿ ಬಾಯೊಳಗಿನ ಎಲೆಯಡಿಕೆಯನ್ನು ಉಗಿದು, ಇವನು ಆಡಲಿಕ್ಕೆಂದೇ ಬಂದವನು ಎಂದಳು. ನಾವು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರುವವನು.

ಸಂಜೆ ಚಾಪೆಯ ಮೇಲೆ ಕೂತು ಅವನು ತುಂಗಮ್ಮನ ಗೂಡನ್ನು ಕೇಳಿದ. ಗುಪ್ಪೆಯನ್ನು ತಂದು ಮುಂದಿಟ್ಟೆ. ಅವನು ಅದರ ಮೇಲೆ ಒಂದು ಎಲೆಯನ್ನು ಬೋರಲು ಹಾಕಿ, "ನಾನೇ ಹವಾಲ್ದಾರ್ ರುದ್ರಮೂರ್ತಿ. ತುಂಗಮ್ಮನ ಗಂಡ. ಪೆನ್ಷನ್ ಆಯ್ತು, ಇನ್ನು ಮೇಲೆ ಗಿರಣಿ ನೋಡ್ಕೊಂಡಿರ್ತೀನಿ" ಎಂದ.

ಮುದ್ದಣ್ಣ ಮೆಲ್ಲಗೆ, ಹವಾಲ್ದಾರರು ಆರಡಿ ಎಂದು ಕೂತಿತ್ತಲ್ಲ ಎಂದ. ಹಿಮದಲ್ಲಿ ಇಪ್ಪತ್ತೊಂದು ವರ್ಷ ನಿಂತರೆ ನೀವೂ ಕುಗ್ಗುತ್ತೀರಿ ಎಂದು ಆ ಮನುಷ್ಯ ಹೇಳಿದ. ಮುದ್ದಣ್ಣ ಸರಿ ಎಂದ. ತುಂಗಮ್ಮ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಅವಳು ಏನೂ ಹೇಳುವಂತಿರಲಿಲ್ಲ. ತನ್ನ ಗುಪ್ಪೆಯ ಮೇಲೆ ಬೇರೆಯವರು ಹಾಕಿದ ಎಲೆಯನ್ನು ಮಗುಚು ಎನ್ನುವ ಹಕ್ಕು ಆ ಮನೆಯವರಿಗಿಲ್ಲ. ಬೇರೆ ಯಾರಾದರೂ ಮಗುಚು ಎಂದರೆ ಮಾತ್ರ, ಅದು ನಿಜವೋ ಸುಳ್ಳೋ ಎಂದು ಮನೆಯವರು ಹೇಳಬೇಕು. ಅವರು ಹೇಳಿದ್ದೇ ಕೊನೆಯ ಮಾತು. ಇದು ಪುಸ್ತಕದ ಅರವತ್ತೆರಡನೆಯ ಪುಟ. ಬರೆದವನು ನಾನೇ.

ಆ ರಾತ್ರಿ ಅವನು ಚಾಪೆಮನೆಯಲ್ಲೇ ಮಲಗಿದ. ಬೆಳಗಾಗುವಷ್ಟರಲ್ಲಿ ಗಂಡನ ಗುಪ್ಪೆಯ ವಿಷಯಗಳೆಲ್ಲ ಅವನ ಕಿವಿಗೆ ಬಿದ್ದಿದ್ದವು. ನಮ್ಮೂರಿನವರಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ, ಅನುಮಾನ ಪಡಲೂ ಬರುವುದಿಲ್ಲ. ಮುಂಜಾನೆಯೇ ಎದ್ದು ಕರ್ಕಶವಾಗಿ ಹಾಡಿದ. ಕುಂಟಿಕೊಂಡು ಬೀದಿ ಸುತ್ತಿದ, ಆದರೆ ಬಲಗಾಲು ಕುಂಟಿದ. ಮಕ್ಕಳು ಎಡಗಾಲು ಎಡಗಾಲು ಎಂದು ಕೂಗಿ ತಿದ್ದಿದವು. ಹೋಟೆಲಿನಲ್ಲಿ ಬದನೆಕಾಯಿ ಹುಳಿಯನ್ನು ದೂರ ತಳ್ಳಿ, ಇದನ್ನು ತಿನ್ನುವವರು ಮನುಷ್ಯರೇ ಎಂದು ಕೇಳಿದ. ಜನ ಕಣ್ಣೊರೆಸಿಕೊಂಡರು. ಇಪ್ಪತ್ತೊಂದು ವರ್ಷ ಕೇಳಿ ಕೇಳಿ ಅವರಿಗೆ ಹವಾಲ್ದಾರನ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಈಗ ಅವನು ಕಣ್ಣೆದುರಿಗೆ ಬಂದು ಬದನೆಕಾಯಿ ಬೇಡ ಎಂದರೆ ಯಾರಿಗೆ ತಾನೇ ಕರುಳು ಕಿವುಚುವುದಿಲ್ಲ?

ನಾನು ಪುಸ್ತಕ ತೆಗೆದು ಕೂತೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ಓದಿದೆ. ಯಾರೂ ಮಗುಚು ಅನ್ನದಿದ್ದರೆ ಮೂರನೆಯ ಸಂಜೆ ಅವನು ಅವಳ ಗಂಡ. ಯಾರಾದರೂ ಮಗುಚು ಎಂದು, ತುಂಗಮ್ಮ ಅದು ಸುಳ್ಳು ಎಂದರೆ, ಸುಳ್ಳಾಡಿದವನು ಗುಪ್ಪೆ ಹೊರಬೇಕು. ಗುಪ್ಪೆಯ ತಳದಲ್ಲಿ ಗಂಡನ ಎಲೆ ಕೂತಿದೆ. ಕೈಗೆ ಬಂದ ಎಲೆ ಕೈಯವನದು. ಸೋತರೂ ಅವನೇ ಗಂಡ! ಅತ್ತ ದರಿ, ಇತ್ತ ಪುಲಿ. ಆ ಮನುಷ್ಯ ಎಲ್ಲಿಂದಲೋ ಬಂದು ನನ್ನ ಪುಸ್ತಕವನ್ನು ನನಗಿಂತ ಚೆನ್ನಾಗಿ ಓದಿದ್ದ.

ಎರಡನೆಯ ದಿನ ಮಧ್ಯಾಹ್ನ ಗಿರಣಿಗೆ ಹೋದೆ. ತುಂಗಮ್ಮ ಅಂದು ಬೆಲ್ಟು ನಿಲ್ಲಿಸಿರಲಿಲ್ಲ. ರಾಗಿ ಸುರಿಯುತ್ತಲೇ ಇದ್ದಳು. ಆ ಸದ್ದಿನಲ್ಲಿ ನಾನು ಕಿರುಚಿ ಕಿರುಚಿ ಅರವತ್ತೆರಡನೆಯ ಪುಟವನ್ನು ವಿವರಿಸಿದೆ. ಸುಮ್ಮನಿದ್ದರೂ ಅವನಿಗೆ, ಸುಳ್ಳಾದರೂ ಅವನಿಗೆ, ಬೇರೆ ದಾರಿಯೇ ಇಲ್ಲ ಎಂದೆ. ಅವಳು ಹುಬ್ಬಿನ ಮೇಲಿನ ಹಿಟ್ಟನ್ನು ಒರೆಸಿಕೊಂಡು ನನ್ನನ್ನು ನೋಡಿದಳು.

"ನಿಜ ಆದ್ರೆ?"

ಅದು ಹೇಗೆ ನಿಜವಾಗುತ್ತದೆ, ಇಲ್ಲದ ಮನುಷ್ಯ ಹೇಗೆ ಬಂದಾನು ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹವಾಲ್ದಾರ ಇಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳಿಗೆ ಕೋಪ ಬರಲಿಲ್ಲ. ಒಂದು ಗಳಿಗೆ ಏನಕ್ಕೋ ಕಾದಂತೆ ನಿಂತಳು. ನಾನು ಪುಸ್ತಕದ ಪುಟ ತಿರುವಿದೆ. "ಹೋಗಿ ಮೇಷ್ಟ್ರೇ, ಊಟ ಮಾಡಿ ಮಲಗಿ" ಎಂದು ಅವಳು ರಾಗಿಯ ಕಡೆ ತಿರುಗಿದಳು.

ಮೂರನೆಯ ಸಂಜೆ ಚಾಪೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಮನುಷ್ಯ ಹೊಸ ಪಂಚೆ ಉಟ್ಟು ಬಂದಿದ್ದ. ಯಾರೋ ಅವನಿಗೆ ಹಾರ ಹಾಕಲು ಸೇವಂತಿಗೆ ಕಟ್ಟಿಸಿದ್ದರು. ಮುದ್ದಣ್ಣ ಕ್ಲಾರಿಯೊನೆಟ್ ತಂದಿದ್ದ. ಹೊನ್ನಜ್ಜಿ ಒಬ್ಬೊಬ್ಬರನ್ನೇ ಕೇಳಿದಳು. ಸರಿ, ಸರಿ, ಸರಿ ಎಂದು ಮಾತು ಗೋಡೆಯುದ್ದಕ್ಕೂ ಬಂತು. ಓಬಳಯ್ಯ ಎರಡು ಸಲ ಸರಿ ಎಂದ, ಒಂದು ಸಲ ಅಂದದ್ದು ಸಾಲದೇನೋ ಎಂಬ ಭಯ ಅವನಿಗೆ. ಕೊನೆಯವನು ನಾನು. ಹೊನ್ನಜ್ಜಿ ಆಗಲೇ ಚಾಪೆಯ ಒಂದು ಅಂಚನ್ನು ಮಡಚಿದ್ದಳು. ನನ್ನಿಂದ ಬೇರೆ ಮಾತನ್ನು ಅವಳು ನಿರೀಕ್ಷಿಸಿರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ.

ಆಗ ನನ್ನ ಕಣ್ಣು ಹೊರಗೆ ಹೋಯಿತು. ಎದುರಿನ ಗಿರಣಿಯ ಜಗುಲಿಯ ಮೇಲೆ, ಮಧ್ಯಾಹ್ನ ನಾನು ಕೂರುವ ಕಂಬದ ಬುಡದಲ್ಲಿ, ಆ ಮನುಷ್ಯ ತನ್ನ ಟ್ರಂಕು ಇಟ್ಟಿದ್ದ. ಅದರ ಮೇಲೆ ಒದ್ದೆ ಬನಿಯನ್ ಒಣಗಲು ಹಾಕಿದ್ದ. ಗಿರಣಿ ಹೋದರೆ ಹೋಗಲಿ, ಆ ಬನಿಯನ್ನನ್ನು ನನ್ನಿಂದ ಸಹಿಸಲಾಗಲಿಲ್ಲ. ನಾನು ಸರಿ ಎನ್ನಲು ಬಾಯಿ ತೆರೆದೆ.

"ಮಗುಚು" ಎಂದೆ.

ಯಾರೋ ತಂಬಿಗೆ ಬೀಳಿಸಿದರು. ಆ ಮನುಷ್ಯ ನನ್ನ ಕಡೆ ತಿರುಗಿ ನಕ್ಕ. ಅದು ಗೆದ್ದವನ ನಗು. ನಕ್ಕ ಮೇಲೆ ನನಗೆ ಪುಟ ಅರವತ್ತೆರಡು ನೆನಪಾಯಿತು. ಅಯ್ಯೋ, ಅವಳು ಈಗ ಸುಳ್ಳು ಎನ್ನುತ್ತಾಳೆ, ಗುಪ್ಪೆಯನ್ನು ನಾನೇ ನನ್ನ ಕೈಯಾರೆ ಎತ್ತಿ ಅವನ ಮಡಿಲಿಗೆ ಹಾಕಿದೆನಲ್ಲ ಎಂದುಕೊಂಡೆ. ಹೊನ್ನಜ್ಜಿ ತುಂಗಮ್ಮನನ್ನು ಮುಂದೆ ಕರೆದು, ಈ ಎಲೆ ನಿಜವೋ ಸುಳ್ಳೋ ಹೇಳವ್ವ ಎಂದಳು. ತುಂಗಮ್ಮ ಬಂದು ಚಾಪೆಯ ಅಂಚಿನಲ್ಲಿ ನಿಂತಳು. ಕೈಯಲ್ಲಿ ಎಲೆ ಇರಲಿಲ್ಲ. ಆದರೂ ಅಂಗೈಯನ್ನು ಬಾಯಿಯ ಹತ್ತಿರ ತಂದು, ಹಿಟ್ಟು ಕೊಡವುವಂತೆ ಉಫ್ ಎಂದು ಊದಿದಳು.

"ನಿಜ. ಇವರೇ ನನ್ನ ಗಂಡ ರುದ್ರಮೂರ್ತಿ" ಎಂದಳು.

ನನ್ನ ಕಿವಿಯಲ್ಲಿ ಗಿರಣಿ ತಿರುಗತೊಡಗಿತು. ಅವಳು ಊದಿದ್ದನ್ನು ಕಣ್ಣು ಕಂಡಿತ್ತು, ಬುದ್ಧಿಗೆ ಮುಟ್ಟಲಿಲ್ಲ. ಅವಳು ಅವನನ್ನೇ ಒಪ್ಪಿಕೊಂಡಳು ಎಂದಷ್ಟೇ ಕೇಳಿಸಿತು. ಆ ಮನುಷ್ಯನ ಮುಖದಲ್ಲಿ ನಗು ಮಾತ್ರ ಇರಲಿಲ್ಲ. ಅದು ಎಲ್ಲಿಗೆ ಹೋಯಿತು ಎಂದು ನಾನು ಯೋಚಿಸುವಷ್ಟರಲ್ಲಿ ಹೊನ್ನಜ್ಜಿ ತನ್ನ ಎಂಬತ್ತೊಂಬತ್ತು ವರ್ಷಗಳ ಗಂಟಲನ್ನು ಸರಿಮಾಡಿಕೊಂಡಳು.

"ಎಲೆ ನಿಜ. ಅನುಮಾನ ಪಟ್ಟೋರು ಗುಪ್ಪೆ ಹೊರಬೇಕು. ಬಗ್ಗಿ ಮೇಷ್ಟ್ರೇ."

ತುಂಗಮ್ಮ ಬಾಗಿ, ಇಪ್ಪತ್ತೊಂದು ವರ್ಷದ ಗುಪ್ಪೆಯನ್ನು ಎರಡೂ ಕೈಯಿಂದ ನನ್ನ ಕಡೆಗೆ ತಳ್ಳಿದಳು. ಎಲೆಗಳು ನನ್ನ ಮೊಣಕಾಲಿಗೆ ಬಂದು ತಾಗಿದವು. ಎಲ್ಲಕ್ಕಿಂತ ಕೆಳಗಿದ್ದ ಎಲೆ ಜಾರಿ ಮೇಲೆ ಬಂತು. ಅಂಚು ಸವೆದ, ನನ್ನ ಕೈಯಾರೆ ಬರೆದ ಒಂದು ಕಳಾವರಿನ ಎರಡು. ಅದನ್ನು ಹಿಡಿದುಕೊಂಡೇ ನನಗೆ ಅರ್ಥವಾಯಿತು. ಕೈಗೆ ಬಂದ ಎಲೆ ಕೈಯವನದು.

ಆ ಮನುಷ್ಯ ಎದ್ದು ನಿಂತು ಕೂಗಾಡಿದ. ನನ್ನದು ನಿಜ ಎಂದು ಅವಳೇ ಹೇಳಿದಳಲ್ಲ, ನಾನೇ ಗಂಡ ಎಂದ. ಹೊನ್ನಜ್ಜಿ ಚಾಪೆ ಸುತ್ತುವುದನ್ನು ನಿಲ್ಲಿಸಲಿಲ್ಲ. "ನೀನು ಗೆದ್ದೆಯಲ್ಲಪ್ಪ, ಇನ್ನೇನು ಬೇಕು?" ಎಂದಳು. "ಕೈಯಲ್ಲಿ ಒಂದು ಎಲೆ ಇದ್ರೆ ತೋರ್ಸು. ಕೈ ಬರಿದಾದೋನು ಗೆದ್ದ, ಗೆದ್ದೋನು ಎದ್ದು ಹೋಗ್ಬೇಕು." ಅವನು ತನ್ನ ಎರಡೂ ಅಂಗೈಯನ್ನು ನೋಡಿಕೊಂಡ. ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಸೋತದ್ದಾಗಿದ್ದರೆ ಜಗಳವಾಡಬಹುದಿತ್ತು. ಗೆಲುವಿನ ವಿರುದ್ಧ ಯಾರ ಹತ್ತಿರ ದೂರು ಕೊಡುವುದು? ಕಟ್ಟಿಸಿದ ಹಾರ ಹಾಳಾಗಬಾರದೆಂದು ಅವನಿಗೇ ಹಾಕಿ, ಗೆದ್ದವನನ್ನು ಕಳಿಸುವ ಮರ್ಯಾದೆಯಲ್ಲೇ ಹೊಳೆಯ ತನಕ ಹೋದರು. ಮುದ್ದಣ್ಣ ಕ್ಲಾರಿಯೊನೆಟ್ ಬಾಯಿಗಿಟ್ಟುಕೊಂಡು ಮುಂದೆ ನಡೆದ. ನೀರು ಕುತ್ತಿಗೆಯ ಮಟ್ಟಕ್ಕಿತ್ತು. ಟ್ರಂಕು ತಲೆಯ ಮೇಲೆ, ಸೇವಂತಿಗೆ ಹಾರ ನೀರಿನ ಮೇಲೆ ತೇಲುತ್ತಾ, ಅವನು ಸೇತುವೆ ದಾಟಿ ಹೋದ. ಎಡಗಡೆಯ ಕಂಬಿ ಹಿಡಿಯಬೇಡಿ ಎಂದು ದಡದಿಂದ ಯಾರೋ ಕೂಗಿ ಹೇಳಿದರು.

ನಾನು ಹೊತ್ತ ಗುಪ್ಪೆಯಲ್ಲಿ ಮೂವತ್ತೊಂದು ಎಲೆ ಇತ್ತು. ಈಗ ನಾನು ಆರಡಿ. ಬಾಗಿಲು ದಾಟುವಾಗ ತಲೆ ತಗ್ಗಿಸುತ್ತೇನೆ, ಮೇಲೆ ಒಂದು ಗೇಣು ಜಾಗವಿದ್ದರೂ. ಥಂಡಿಯಾದರೆ ಎಡಗಾಲು ಕುಂಟುತ್ತದೆ. ಮೊದಮೊದಲು ನೆನಪಿಟ್ಟುಕೊಂಡು ಕುಂಟುತ್ತಿದ್ದೆ, ಈಗ ನಿಜವಾಗಿಯೂ ನೋಯುತ್ತದೆ. ಗೋಡೆಯ ಮೇಲೆ ಹಲ್ಲಿ ಕಂಡರೆ ಮಂಚ ಹತ್ತುತ್ತೇನೆ. ಬೆಳಿಗ್ಗೆ ಎದ್ದು ಹಾಡುತ್ತೇನೆ, ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ, ಹವಾಲ್ದಾರರು ಹಾಡುತ್ತಿದ್ದಾರೆ ಎಂದು ಮಕ್ಕಳಿಗೆ ಹೇಳುತ್ತಾರೆ. ಎಲ್ಲವನ್ನೂ ಸಹಿಸಬಹುದು, ಬದನೆಕಾಯಿಯೊಂದನ್ನು ಬಿಟ್ಟು. ಎಣ್ಣೆಗಾಯಿ ಎಂದರೆ ನಾನು ಪ್ರಾಣ ಬಿಡುವವನು. ತುಂಗಮ್ಮ ಸೋಮವಾರಕ್ಕೊಮ್ಮೆ ಎಣ್ಣೆಗಾಯಿ ಮಾಡಿ, ನನ್ನೆದುರಿಗೇ ಕೂತು ರೊಟ್ಟಿಯ ಜೊತೆ ತಿಂದು, ನಿಮಗೆ ಆಗುವುದಿಲ್ಲವಲ್ಲ ಎಂದು ನನಗೆ ಬೇಳೆ ಬಡಿಸುತ್ತಾಳೆ.

ಗುಪ್ಪೆ ಹೊತ್ತು ಒಂದು ವಾರವಾದ ಮೇಲೆ, ಮಧ್ಯಾಹ್ನ ಬೆಲ್ಟು ನಿಲ್ಲಿಸಿ ಇಬ್ಬರೂ ಜಗುಲಿಯ ಮೇಲೆ ಎಲೆ ಹಂಚಿಕೊಂಡು ನಾಲ್ಕಾರು ಸುತ್ತು ಆಡಿದೆವು. ಆ ದಿನ ‘ಮಗುಚು’ ಎಂದಾಗ ಇದನ್ನೆಲ್ಲ ಯೋಚಿಸಿ ಅನ್ನಲಿಲ್ಲ, ಒಂದು ಬನಿಯನ್ನಿನ ಹೊಟ್ಟೆಕಿಚ್ಚಿಗೆ ಅಂದೆ ಎಂದು ನಾನು ಒಪ್ಪಿಕೊಂಡೆ. ಅದು ತನಗೆ ಗೊತ್ತು ಎಂದಳು. ಮೊದಲೇ ಮಗುಚು ಎಂದಿದ್ದರೆ ಗಿರಣಿ ನಿನ್ನ ಅಣ್ಣನಿಗೆ ಹೋಗುತ್ತಿತ್ತಲ್ಲ, ಅದಕ್ಕೇ ಸುಮ್ಮನಿದ್ದೆ ಎಂದೆ. ಅವಳು ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟಳು.

"ಅಣ್ಣ ಹೋಗಿ ಒಂಬತ್ತು ವರ್ಷ ಆಯ್ತು ಮೇಷ್ಟ್ರೇ. ಅವನ ಮಗ ಹಿಟ್ಟಿನ ವಾಸನೆ ಬಂದ್ರೆ ಸೀನ್ತಾನೆ, ಈ ಬೀದಿಗೇ ಬರಲ್ಲ. ಅವತ್ತಿಂದ ನಾನು ದಿನಾ ಕಾದಿದೀನಿ, ಇವತ್ತಾದ್ರೂ ಮಗುಚು ಅಂತೀರಿ ಅಂತ. ಎಲೆ ಊದ್ತಿದ್ದಿದ್ದು ಹಿಟ್ಟು ಹೋಗ್ಲಿ ಅಂತ ಅಂದ್ಕೊಂಡ್ರಾ? ನಿಮಗೆ ಗೊತ್ತಾಗ್ಲಿ ಅಂತ."

ಒಂಬತ್ತು ವರ್ಷ. ಒಂಬತ್ತು ವರ್ಷದ ಮಧ್ಯಾಹ್ನಗಳನ್ನೆಲ್ಲ ನಾನು ಸರಿ, ಸರಿ ಎಂದು ಕಳೆದಿದ್ದೆ, ಅದನ್ನೇ ಪ್ರೀತಿ ಎಂದುಕೊಂಡಿದ್ದೆ. ನೂರಾ ನಾಲ್ಕು ಪುಟದಲ್ಲಿ ಇದಕ್ಕೆ ಹೇಳುವ ಮಾತು ಒಂದೂ ಇರಲಿಲ್ಲ. ಅವಳು ನನಗಾಗಿ ಕಾಯಲಿಲ್ಲ. ಎಲೆಗಳನ್ನು ಮತ್ತೆ ಎತ್ತಿಕೊಂಡು ಜೋಡಿಸಿ, ಎರಡು ಎಲೆಯನ್ನು ಬೇರೆ ತೆಗೆದು, ನನ್ನ ಮುಖವನ್ನೇ ನೋಡುತ್ತಾ ಅವುಗಳನ್ನು ಉಫ್ ಎಂದು ಊದಿ, ಬೋರಲು ಹಾಕಿದಳು.

"ಎರಡು ರಾಣಿ."

"ಮಗುಚು" ಎಂದೆ.

ಅವಳು ಮಗುಚಿದಳು. ಎರಡೂ ರಾಣಿಯೇ. ಒಂದು ಆಟೀನು, ಒಂದು ಇಸ್ಪೀಟು. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾ ಗುಪ್ಪೆಯನ್ನೆಲ್ಲ ನನ್ನ ಕಡೆಗೆ ತಳ್ಳಿದಳು. ನಾನು ಎರಡೂ ಕೈಯಿಂದ ಬಾಚಿ ಹೊತ್ತುಕೊಂಡೆ.